ಟವೆಲ್ಲಿನ ಕೆಳಗೆ

ಚೌಕಿಪೇಟೆಯ ದಲಾಲಿ ಅಂಗಡಿಯಲ್ಲಿ ತೂಕ ಬರೆಯುತ್ತಿದ್ದ
ಪಿಂಜಾರ ಬುಡೇನ್‌ಸಾಬ್
ಯುದ್ಧದ ಮಾತೆತ್ತಿದರೆ ಬಂದೂಕು ಹೇಳುತ್ತಿರಲಿಲ್ಲ.
ಚೀಲ ಹೇಳುತ್ತಿದ್ದ.
ಇಷ್ಟು ಚೀಲ ಜವೆಗೋಧಿ, ಇಷ್ಟು ಡಬ್ಬಿ ಸೀಮೆಎಣ್ಣೆ,
ಹೇಸರಗತ್ತೆಗೆ ದಿನಕ್ಕೆ ಇಷ್ಟು ನೀರು,
ಮನುಷ್ಯನಿಗೆ ಅದರ ಕಾಲು ಭಾಗ.

"ಸೈನ್ಯ ಅಂದ್ರೆ ಏನಂತ ತಿಳಿದೀಯಲೇ ತಮ್ಮಾ,
ಹೊಟ್ಟೆ. ಕಾಲು ಮೂಡಿದ ಹೊಟ್ಟೆ."

ಮರಳುಗಾಡಿನ ಆ ಊರಿಗೆ
ಅವನ ಬಾಯಲ್ಲಿ ವಾರಕ್ಕೊಂದು ಹೆಸರು.
ನೂರು ಖರ್ಜೂರದ ಮರ, ಮೂರು ಬಾವಿ,
ಒಬ್ಬ ಶೇಖ.
ಶೇಖನ ಕಣಜದ ಬಾಗಿಲಿಗೆ ಆ ವರ್ಷ
ಮೂರು ದೇಶದ ಬೂಟು ಬಂದು ನಿಂತಿದ್ದವು.
ಇಟಲಿಯವರು ಚೀಟಿ ಕೊಟ್ಟು ಒಯ್ದರು.
ಜರ್ಮನರು ಚೀಟಿಯನ್ನೂ ಕೊಡಲಿಲ್ಲ.
ಈಗ ನಮ್ಮ ಕರ್ನಲ್ಲು,
ಬಿಸಿಲಿಗೆ ಸುಲಿದ ಮೂಗು, ಮಡಚುವ ಕುರ್ಚಿ,
ದೊರೆಗಳ ಸ್ನೇಹದಿಂದ ಶುರು ಮಾಡಿದವನು
ಸಂಜೆಯಾದರೂ ಬಾವಿಯ ಹತ್ತಿರ ಬರಲಿಲ್ಲ.
ಶೇಖನೂ ಅಷ್ಟೆ. ಚಹಾ ಸುರಿದ.
ಕುದುರೆಗಳ ಕ್ಷೇಮ ಕೇಳಿದ, ಕರ್ನಲ್ಲನ ತಾಯಿಯ ಕ್ಷೇಮ ಕೇಳಿದ.
ಮೊದಲ ಲೋಟ ಸಿಹಿ. ಎರಡನೆಯದು ಇನ್ನೂ ಸಿಹಿ.
ಮೂರನೆಯದಕ್ಕೆ ಸಕ್ಕರೆಯೇ ಇಲ್ಲ.
ಬೇಡಿಕೆ ಅದರಲ್ಲೇ ಇದೆ ಎಂದು
ಇಡೀ ಡೇರೆಯಲ್ಲಿ ತಿಳಿದದ್ದು
ಬಾಗಿಲಲ್ಲಿ ಲೆಕ್ಕದ ಪುಸ್ತಕ ಹಿಡಿದು ನಿಂತವನಿಗೆ.

ದುಭಾಷಿ ಜ್ವರ ಬಂದು ಮಲಗಿದ್ದ.
ಇವನ ಅರಬ್ಬಿ ನಮಾಜಿಗೆ ಸಾಕಾಗುವಷ್ಟು,
ಅದರಲ್ಲಿ ಜವೆಗೋಧಿಯ ದರ ಇಲ್ಲ.
ಸೊಂಟಕ್ಕೆ ಸುತ್ತಿದ್ದ ಟವೆಲ್ಲು ಬಿಚ್ಚಿದ,
ಶೇಖನ ಬಲಗೈ ಮೇಲೆ ಹಾಸಿದ,
ದನದ ಸಂತೆಯಲ್ಲಿ ಹಾಸುವ ಹಾಗೆ,
ಒಳಗೆ ತನ್ನ ಕೈ ತೂರಿಸಿದ.

ಕರ್ನಲ್ಲು ಪಿಸ್ತೂಲು ಮುಟ್ಟಿಕೊಂಡ.
ಶೇಖ ನಕ್ಕ.
ಅವನೂ ಒಂಟೆ ಮಾರಿದವನೇ.

ಒಂದು ಬೆರಳು ಹಿಡಿದರೆ ನೂರು ಚೀಲ,
ಐದೂ ಹಿಡಿದರೆ ಐನೂರು,
ಅಂಗೈ ಕೆರೆದರೆ ಅರ್ಧ,
ಬೆರಳು ಹಿಂದಕ್ಕೆ ಮಡಚಿದರೆ, ಆಗಲ್ಲ, ನಡಿ.
ಮುಖದಲ್ಲಿ ಮಾತ್ರ ಏನೂ ಇರಕೂಡದು.
ದೊರೆತನವೆಲ್ಲ ಟವೆಲ್ಲಿನ ಹೊರಗೆ ಕೂತಿತ್ತು.
ಒಳಗೆ ಎರಡು ಬೆವರಿದ ಕೈ.

"ಮುನ್ನೂರು, ಸಾಹೇಬ್," ಎಂದು ಕರ್ನಲ್ಲನಿಗೆ ಬಾಯಲ್ಲಿ ಹೇಳಿದ.
ಶೇಖ ಹಿಡಿದದ್ದು ನಾಲ್ಕು ಬೆರಳು.
"ಒಂದನ್ನ ನಾನೇ ನುಂಗಿದೆ. ಆ ಊರಾಗೂ ಹುಡುಗ್ರಿದ್ವು."
ಕೆಲವು ದಿನ ಬೇರೆ ಕಥೆ:
ಶೇಖ ಹಿಡಿದದ್ದು ಎರಡೇ,
ಮೂರನೆಯದನ್ನು ಇವನು ಸೇರಿಸಿದ್ದು,
ಪಕ್ಕೆಲುಬು ಕಾಣುತ್ತಿದ್ದ ಹೇಸರಗತ್ತೆಗಳಿಗಾಗಿ.
ಯಾವುದು ನಿಜ ಎಂದರೆ
ತಕ್ಕಡಿಯ ಮುಳ್ಳು ನೋಡುತ್ತ ಕೂರುತ್ತಿದ್ದ.

ಬದಲಿಗೆ ಸಕ್ಕರೆ, ಚಹಾ, ಹತ್ತು ಬೇಲು ಬಿಳಿ ಬಟ್ಟೆ.
ಬಟ್ಟೆ ಯಾತಕ್ಕೆಂದು ಶೇಖ ಹೇಳಲಿಲ್ಲ,
ಅಳತೆ ತೋರಿಸಿದ: ಆಳುದ್ದ, ಮೇಲೊಂದು ಗೇಣು.
ಬೇಲು ಬಿಚ್ಚಿದರೆ ಅಂಚಿನಲ್ಲಿ ನೀಲಿ ಮುದ್ರೆ,
ಕನ್ನಡದಲ್ಲಿ, ದಾವಣಗೆರೆ.
ಆ ಮಿಲ್ಲು ಕೂಗತೊಡಗಿದ ಮೇಲೇ
ಅಪ್ಪನ ಹಿಂಜುವ ಬಿಲ್ಲು ಅಟ್ಟ ಸೇರಿದ್ದು,
ಮಗ ಪಲ್ಟನ್ನು ಸೇರಿದ್ದು.
ಅದೇ ತಿಂಗಳು ಇಲ್ಲಿ ತಂಗಿಯ ನಿಕಾಕ್ಕೆ
ನಾಲ್ಕು ಗಜ ಬಟ್ಟೆ ಬೇಕೆಂದು
ಕಂಟ್ರೋಲ್ ಅಂಗಡಿಯ ಮುಂದೆ ನಸುಕಿನಿಂದ ಅವ್ವ ನಿಂತಿದ್ದಳು.
ಆ ಕಾಗದ ಅವನಿಗೆ ತಲುಪುವಾಗ ಯುದ್ಧ ಮುಗಿದಿತ್ತು.
ತಂಗಿಗೆ ಎರಡು ಮಕ್ಕಳು.

ಒಪ್ಪಂದಕ್ಕೆ ಶೇಖ ಉಂಗುರ ಒತ್ತಿದ,
ಕರ್ನಲ್ಲು ರುಜು ಹಾಕಿದ.
ಟವೆಲ್ಲು ಬೆವರು ಒರೆಸಲು ಹೋಯಿತು.

ಈಗ ಮಂಡಿಯಲ್ಲಿ ದರ ಪರದೆಯ ಮೇಲೆ ಓಡುತ್ತದೆ,
ಮೆಕ್ಕೆಜೋಳದ ಧೂಳು ಅದಕ್ಕೂ ಅಂಟುತ್ತದೆ.
ಬುಡೇನ್‌ಸಾಬನನ್ನು ಕೊನೆಗೆ ಕಂಡದ್ದು
ದೊಡ್ಡಾಸ್ಪತ್ರೆಯ ವರಾಂಡದಲ್ಲಿ.
ಮಂಡಕ್ಕಿ ಪೊಟ್ಟಣ ಒಯ್ದಿದ್ದೆ, ಅವನಿಗೆ ಹಲ್ಲಿರಲಿಲ್ಲ.
ಖರೇ ಹೇಳು ಸಾಬ್, ಎಷ್ಟು ಚೀಲ, ಎಂದೆ.
ಎದೆಯ ಮೇಲಿನ ಟವೆಲ್ಲನ್ನು ನನ್ನ ಕೈಗೆ ಎಳೆದ.
ಒಳಗೆ ಬೆರಳುಗಳು ಹಿಡಿದವು, ಬಿಟ್ಟವು,
ಮತ್ತೆ ಹಿಡಿದವು, ಅಂಗೈ ಕೆರೆದವೋ
ನಡುಗಿದವೋ.
ಬಾಯಿಪಾಠವಿದ್ದ ಲೆಕ್ಕ ಕೈಗೆ ಹತ್ತಲಿಲ್ಲ.
ಮುಖ ನೋಡಿದೆ.
ಮುಖದಲ್ಲಿ ಏನೂ ಇರಲಿಲ್ಲ.